ಏಳನೇ ಪುಟದಲ್ಲಿ ನಿಂತ ಹೊತ್ತು

ರಾಟರ್‌ಡಾಮ್ ಪಕ್ಕದ ಕಾಪೆಲ್ಲೆಯ ಆ ಚಿಕ್ಕ ಕಂಪನಿಗೆ ನಾನು ಸೇರಿದ್ದು 2012ರಲ್ಲಿ. ಅದಕ್ಕೆ ಎರಡು ವರ್ಷ ಮೊದಲು, ಮದುವೆಯಾದ ಹೊಸದರಲ್ಲಿ, ಗಂಡನ ಜೊತೆ ಉಡುಪಿಯಿಂದ ನೆದರ್‌ಲ್ಯಾಂಡ್ಸ್‌ನ ಯುಟ್ರೆಕ್ಟ್‌ಗೆ ಬಂದಿದ್ದೆ. ಅವರಿಗೆ ಕೆಲಸದ ಪರ್ಮಿಟ್ ಇತ್ತು, ಆಫೀಸು ಇತ್ತು, ಮಧ್ಯಾಹ್ನ ಊಟಕ್ಕೆ ಜೊತೆಗಾರರಿದ್ದರು. ನನಗೆ ಇದ್ದದ್ದು ವಾರಕ್ಕೆರಡು ಸಲದ ಡಚ್ ಕ್ಲಾಸು ಮತ್ತು ಬಾಲ್ಕನಿಯಿಂದ ಕಾಣುವ ಸೈಕಲ್ ದಾರಿ. ಹಾಗಾಗಿ ಕೆಲಸ ಸಿಕ್ಕಿದಾಗ ಅದು ಎಂಥ ಕೆಲಸ ಎಂದು ಸರಿಯಾಗಿ ಕೇಳದೆಯೇ ಒಪ್ಪಿಕೊಂಡಿದ್ದೆ.

ಅಲ್ಲಿ ಆರೇ ಜನ. ಬಿಸಿನೆಸ್ ಪಾರ್ಕಿನ ಮೂರನೇ ಮಹಡಿ, ಕೆಳಗೆ ಒಂದು ಕೊಳ, ಅದರಾಚೆ ಹೆದ್ದಾರಿ. ನಾವು ಮಾಡುತ್ತಿದ್ದದ್ದು ದಾಖಲೆಗಳನ್ನು ತೋರಿಸುವ ಒಂದು ವೆಬ್ ಪುಟ. ಆಗ ಜನ ತಮ್ಮ ಕಡತಗಳನ್ನು ಕ್ಲೌಡ್‌ನಲ್ಲಿ ಇಡಲು ಆಗಷ್ಟೇ ಕಲಿಯುತ್ತಿದ್ದರು. ಇಟ್ಟದ್ದನ್ನು ಓದಬೇಕೆಂದರೆ ಮತ್ತೆ ತಮ್ಮ ಕಂಪ್ಯೂಟರಿಗೆ ಇಳಿಸಿಕೊಳ್ಳಬೇಕು, ಅದನ್ನು ತೆರೆಯುವ ಸಾಫ್ಟ್‌ವೇರ್ ಇರಬೇಕು, ಅದರಲ್ಲೂ ಸರಿಯಾದ ವರ್ಷನ್ ಇರಬೇಕು. ನಮ್ಮ ವ್ಯೂವರ್‌ನಲ್ಲಿ ಅದ್ಯಾವುದೂ ಬೇಡ. ಒಮ್ಮೆ ಅನುಮತಿ ಕೊಟ್ಟರೆ ನಿಮ್ಮ ಕ್ಲೌಡ್‌ನ ಫೋಲ್ಡರು ಬ್ರೌಸರಿನಲ್ಲಿ ಕಾಣುತ್ತದೆ, ಬೇಕಾದ ಕಡತವನ್ನು ಒತ್ತಿದರೆ ಅಲ್ಲೇ ತೆರೆದುಕೊಳ್ಳುತ್ತದೆ. ಕಡತ ಇದ್ದ ಜಾಗದಿಂದ ಕದಲುವುದಿಲ್ಲ.

ಇದನ್ನು ಫೋನಿನಲ್ಲಿ ಅಮ್ಮನಿಗೆ ತುಳುವಿನಲ್ಲಿ ವಿವರಿಸಲು ಹೋಗಿ ನನಗೇ ಸಾಕಾಗಿತ್ತು. ಎಲ್ಲ ಕೇಳಿಸಿಕೊಂಡು ಅಮ್ಮ, "ಅಂದರೆ ಬೇರೆಯವರ ಕಪಾಟಿನಲ್ಲಿರುವ ಪುಸ್ತಕವನ್ನು ನೀನು ಕಿಟಕಿಯಲ್ಲಿ ಹಿಡಿದು ತೋರಿಸುವುದಾ?" ಎಂದರು. ಹೌದು, ಹೆಚ್ಚುಕಡಿಮೆ ಅದೇ ಎಂದೆ. ಅದಕ್ಕಿಂತ ಒಳ್ಳೆಯ ವಿವರಣೆ ನಮ್ಮ ಕಂಪನಿಯ ಜಾಹೀರಾತಿನಲ್ಲೂ ಇರಲಿಲ್ಲ.

ನನ್ನ ಪಾಲಿನ ಕೆಲಸ ಕಪಾಟಿಗೂ ಕಿಟಕಿಗೂ ನಡುವಿನದು. ಕ್ಲೌಡ್‌ನ ಬಾಗಿಲಲ್ಲಿ ಅನುಮತಿ ಕೇಳುವುದು, ಕಡತವನ್ನು ತುಂಡು ತುಂಡಾಗಿ ತರುವುದು, ಮೊದಲ ಪುಟ ಮೊದಲು ಕಾಣುವಂತೆ ಮಾಡಿ ಉಳಿದದ್ದನ್ನು ಹಿಂದಿನಿಂದ ತರಿಸುವುದು. ಪುಟ ಬರುವ ತನಕ ಪರದೆಯ ಮೇಲೆ ಒಂದು ಚಕ್ರ ತಿರುಗುತ್ತಿತ್ತು. ಆ ಚಕ್ರ ತಿರುಗುವ ಹೊತ್ತನ್ನು ಕಡಿಮೆ ಮಾಡುವುದೇ ನನ್ನ ನೌಕರಿ ಎಂದರೂ ತಪ್ಪಲ್ಲ.

ನಾನು ಮಾಡಿದ್ದನ್ನು ಪರೀಕ್ಷಿಸುತ್ತಿದ್ದವರು ಪಕ್ಕದ ಮೇಜಿನ ಡಚ್ ಮಹಿಳೆ. ವಯಸ್ಸು ಐವತ್ತು ದಾಟಿತ್ತು. ಮೊದಲು ಅವರು ಸಾರ್ವಜನಿಕ ಗ್ರಂಥಾಲಯದಲ್ಲಿದ್ದರು. ಅವರ ಶಾಖೆಯನ್ನು ಮುಚ್ಚಿದಾಗ ಒಂದು ಕೋರ್ಸ್ ಮಾಡಿ ಈ ಕೆಲಸಕ್ಕೆ ಬಂದಿದ್ದರು. ಮಾತು ನೇರ, ಮುಖದಲ್ಲಿ ನಗು ಕಡಿಮೆ. ಮೊದಲ ತಿಂಗಳು ನನಗೆ ಅವರನ್ನು ಕಂಡರೆ ಹೆದರಿಕೆಯೇ ಇತ್ತು. ಅವರ ಪರೀಕ್ಷೆಯ ಫೋಲ್ಡರಿನಲ್ಲಿ ಏನುಂಟು ಏನಿಲ್ಲ. ಸ್ವೆಟರ್ ಹೆಣೆಯುವ ಮಾದರಿ, ಹಳೆಯ ಅಣೆಕಟ್ಟಿನ ನಕ್ಷೆ, ಚರ್ಚಿನ ಹಾಡಿನ ಹಾಳೆ, ತಮ್ಮ ಬೆಕ್ಕಿನ ಲಸಿಕೆಯ ಚೀಟಿ. ಪ್ರತಿಯೊಂದನ್ನೂ ತೆರೆದು, ಅಸಲು ಕಾಗದವನ್ನು ಪಕ್ಕದಲ್ಲಿಟ್ಟುಕೊಂಡು, ಅದರ ಮೇಲೆ ಬೆರಳಿಟ್ಟು ಹೋಲಿಸುತ್ತಿದ್ದರು.

ಒಂದು ದಿನ ಅವರು ಕೇಳಿದರು: "ನಿಮ್ಮ ಭಾಷೆಯದ್ದು ಒಂದೂ ಕಡತ ಇಲ್ಲವಲ್ಲ ಇದರಲ್ಲಿ. ನಿಮ್ಮ ಲಿಪಿ ಬೇರೆ ಅಲ್ಲವಾ?"

ಆಗ ನನ್ನ ಬಳಿ ಇದ್ದ ಒಂದೇ ಕನ್ನಡ ಕಡತ ಆಂಟಿಯ ನಾಟಕ.

ಆಂಟಿ ಎಂದರೆ ಹೂಫ್‌ಡಾರ್ಪ್‌ನಲ್ಲಿದ್ದ ನನ್ನ ಗೆಳತಿಯ ತಾಯಿ. ಮೈಸೂರಿನಲ್ಲಿ ಹೈಸ್ಕೂಲ್ ಟೀಚರ್ ಆಗಿದ್ದು ನಿವೃತ್ತರಾದವರು, ಅಲ್ಲಿ ಮಗ ಸೊಸೆಯ ಜೊತೆ ಇದ್ದರು. ಆ ಆಗಸ್ಟಿನಲ್ಲಿ ಮೂರು ತಿಂಗಳ ವೀಸಾದಲ್ಲಿ ಮಗಳ ಮನೆಗೆ ಬಂದಿದ್ದರು. ನಾವು ಒಂದಷ್ಟು ಕನ್ನಡದ ಮನೆಗಳವರು ಪ್ರತಿ ವರ್ಷ ಯುಟ್ರೆಕ್ಟ್‌ನಲ್ಲಿ ಬಡಾವಣೆಯ ಸಮುದಾಯ ಭವನವೊಂದನ್ನು ಹಿಡಿದು ದೀಪಾವಳಿ ಮಾಡುತ್ತಿದ್ದೆವು. ಪಂಚಾಂಗದ ದೀಪಾವಳಿ ಅಲ್ಲ, ಹಾಲ್ ಸಿಕ್ಕಿದ ದಿನದ ದೀಪಾವಳಿ. ಮಕ್ಕಳ ಡ್ಯಾನ್ಸು, ಸಿನಿಮಾ ಹಾಡು, ಬಿಸಿಬೇಳೆಬಾತ್, ಅಷ್ಟೇ. ಹಿಂದಿನ ವರ್ಷದ ವಿಡಿಯೋ ನೋಡಿದ ಆಂಟಿ ಮಗಳಿಗೆ, "ಇಷ್ಟು ಜನ ಇದ್ದೀರಿ, ಎಲ್ಲರಿಗೂ ಬಾಯಿದೆ, ಒಂದು ನಾಟಕ ಮಾಡಕ್ಕೆ ಏನು ಕಷ್ಟ?" ಎಂದು ಕೇಳಿದ್ದರು. ಕೇಳಿ ಸುಮ್ಮನಾಗಲಿಲ್ಲ. ತಾವೇ ಬರೆದರು.

ಕಥೆ ಸುಲಭದ್ದು. ಹೆಣ್ಣು ನೋಡಲು ಬಂದ ಮನೆಯವರು ದಾರಿ ತಪ್ಪಿ ಪಕ್ಕದ ಮನೆಗೆ ಹೋಗುತ್ತಾರೆ. ಆ ಮನೆಯ ಯಜಮಾನ ಹಿಂದಿನ ಭಾಗವನ್ನು ಬಾಡಿಗೆಗೆ ಕೊಡಲು ಜನ ಹುಡುಕುತ್ತಿದ್ದಾನೆ. ಇವರು ಹುಡುಗಿಯ ಬಗ್ಗೆ ಕೇಳುತ್ತಾರೆ, ಅವನು ಮನೆಯ ಬಗ್ಗೆ ಉತ್ತರಿಸುತ್ತಾನೆ. ಮುಕ್ಕಾಲು ಗಂಟೆ ಅದೇ ಗಲಿಬಿಲಿ.

ಮೊದಲ ರಿಹರ್ಸಲ್‌ನಲ್ಲೇ ಗಲಿಬಿಲಿ ನಾಟಕದಿಂದ ಹೊರಗೂ ಹಬ್ಬಿತು. ಯಜಮಾನನ ಪಾತ್ರ ನನ್ನ ಗಂಡನದು. ಅವರ ಕನ್ನಡ ಮಂಗಳೂರಿನದು, ಎಷ್ಟು ತಿದ್ದಿದರೂ "ಇದೆ" ಎನ್ನುವ ಜಾಗದಲ್ಲಿ "ಉಂಟು" ಎಂದೇ ಬರುತ್ತಿತ್ತು. ಮೈಸೂರಿನ ಹುಡುಗರು ನಕ್ಕರು. ಆಂಟಿ ಮಾತ್ರ ನಗದೆ, "ಇವರನ್ನ ತಿದ್ದೋದು ಬೇಡ. ಯಜಮಾನನ್ನೇ ಮಂಗಳೂರಿನೋನು ಮಾಡ್ತೀನಿ," ಎಂದರು. ಅಂದೇ ಕೂತು ಅವನ ಮಾತುಗಳನ್ನೆಲ್ಲ ಬದಲಿಸಿದರು, ಅನುಮಾನ ಬಂದಲ್ಲಿ ನನ್ನನ್ನು ಫೋನ್ ಮಾಡಿ ಕೇಳಿದರು. "ನಿಮ್ಮ ಕಡೆ ಸೋರತ್ತೆ ಅನ್ನಕ್ಕೆ ಏನಂತಾರೆ?" "ಸೋರ್ತದೆ ಅಂತೇವೆ ಆಂಟಿ." "ಸರಿ, ಹಾಗೇ ಬರೀತೀನಿ." ನನಗೆ ಪಾತ್ರ ಇರಲಿಲ್ಲ. ಪರದೆಯ ಹಿಂದೆ ನಿಂತು ಮಾತು ಮರೆತವರಿಗೆ ಎತ್ತಿಕೊಡುವ ಕೆಲಸ.

ಮುಂದಿನ ವಾರ ಎಲ್ಲರ ಕೈಯಲ್ಲೂ ಬೇರೆ ಬೇರೆ ನಾಟಕವಿತ್ತು. ಒಬ್ಬರು ಹಳೆಯದನ್ನು ಪ್ರಿಂಟ್ ಮಾಡಿದ್ದರು, ಒಬ್ಬರು ಈಮೇಲಿನಲ್ಲಿ ಬಂದ ಎರಡನೆಯದನ್ನು, ಇನ್ನೊಬ್ಬರಿಗೆ ಮೂರನೆಯದು ಬಂದಿತ್ತು ಆದರೆ ತೆರೆದಿರಲಿಲ್ಲ. ಹುಡುಗನ ತಾಯಿ ಕೇಳಿದ ಪ್ರಶ್ನೆಗೆ ಯಜಮಾನ ಕೊಟ್ಟ ಉತ್ತರ ಬೇರೆ ಯಾವುದೋ ಪ್ರಶ್ನೆಯದ್ದು. ಅದನ್ನು ಕೇಳಿ ಎಲ್ಲರೂ ನಕ್ಕರು, ಆದರೆ ಆಂಟಿಗೆ ಸಿಟ್ಟು ಬಂತು.

"ಒಂದೇ ಕಾಪಿ ಇರ್ಬೇಕು, ಎಲ್ಲರೂ ಅದನ್ನೇ ನೋಡ್ಬೇಕು. ಇಷ್ಟೆಲ್ಲ ಕಂಪ್ಯೂಟರ್ ಓದಿದೀರಲ್ಲ, ಅಷ್ಟು ಮಾಡಕ್ಕಾಗಲ್ವಾ?"

"ಆಗತ್ತೆ ಆಂಟಿ," ಎಂದೆ. "ನಮ್ಮ ಆಫೀಸಲ್ಲಿ ಮಾಡೋದೇ ಅದನ್ನ."

ಕಡತವನ್ನು ಕ್ಲೌಡ್‌ನ ಒಂದು ಫೋಲ್ಡರಿಗೆ ಹಾಕಿಸಿ, ಆಫೀಸಿನಲ್ಲಿ ನಮ್ಮ ವ್ಯೂವರ್ ಮೂಲಕ ತೆರೆದೆ. ಚಕ್ರ ತಿರುಗಿ ನಿಂತಿತು. ಮೊದಲ ಪುಟದ ತುಂಬ ಇಂಗ್ಲಿಷ್ ಅಕ್ಷರಗಳು, ಕೆಲವಕ್ಕೆ ತಲೆಯ ಮೇಲೆ ಓರೆ ಗೀಟು, ನಡುನಡುವೆ ಪೌಂಡಿನ ಚಿಹ್ನೆ.

ಪಕ್ಕದ ಮೇಜಿನವರು ಬಗ್ಗಿ ನೋಡಿದರು. "ಇದು ನಿಮ್ಮ ಭಾಷೆಯಾ?"

"ಅಲ್ಲ," ಎಂದೆ. "ಇದು ಯಾರ ಭಾಷೆಯೂ ಅಲ್ಲ."

ಕಾರಣ ನನಗೆ ಗೊತ್ತಿತ್ತು. ಆಂಟಿ ಟೈಪ್ ಮಾಡಿದ್ದು ಶಾಲೆಯಲ್ಲಿ ಪ್ರಶ್ನೆಪತ್ರಿಕೆ ಮಾಡುತ್ತಿದ್ದ ಕಾಲದ ಕನ್ನಡ ತಂತ್ರಾಂಶದಲ್ಲಿ. ಆ ತಂತ್ರಾಂಶವನ್ನೇ ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಮೈಸೂರಿನಿಂದ ತಂದಿದ್ದರು. ಅದರ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಕನ್ನಡ ಹೀಗೆಯೇ ಕಾಣುತ್ತಿತ್ತು. ನಾಟಕವನ್ನು ಎಲ್ಲ ಕಂಪ್ಯೂಟರಿಗೂ ಒಂದೇ ಆದ ಯೂನಿಕೋಡಿಗೆ ಬದಲಿಸಿ ಮತ್ತೆ ಹಾಕಿದೆ. ಈಗ ಕನ್ನಡ ಬಂತು, ಆದರೆ ಕೈಕಾಲು ಮುರಿದುಕೊಂಡು ಬಂತು. "ಅಪ್ಪ" ಎನ್ನುವುದು "ಅಪ್‌ಪ" ಆಗಿತ್ತು. ಕೊಂಬುಗಳು ಅಕ್ಷರ ಬಿಟ್ಟು ಅನಾಥವಾಗಿ ಚುಕ್ಕೆಗಳ ಒಂದು ಉಂಗುರದ ಪಕ್ಕ ನಿಂತಿದ್ದವು.

"ಈ ಚುಕ್ಕೆಯ ಉಂಗುರವೂ ಒಂದು ಅಕ್ಷರವಾ?" ಎಂದು ಅವರು ಕೇಳಿದರು. ಅಲ್ಲ ಎಂದೆ. ಅವರು ತಮ್ಮ ತಪ್ಪುಗಳ ಪಟ್ಟಿಯಲ್ಲಿ ಅದನ್ನು ಬರೆದುಕೊಂಡರು.

ವಾರದ ಮೀಟಿಂಗಿನಲ್ಲಿ ನಮ್ಮ ಮಾಲೀಕ, ಅವನೂ ನನ್ನ ವಯಸ್ಸಿನವನೇ, ಆ ಸಾಲನ್ನು ನೋಡಿ, "ಯಾವ ಗ್ರಾಹಕರು ಕನ್ನಡ ಕೇಳಿದ್ದಾರೆ?" ಎಂದ. ನಾನು ಬಾಯಿ ತೆರೆಯುವ ಮೊದಲೇ ಪಕ್ಕದ ಮೇಜಿನವರು ಹೇಳಿದರು: "ಯಾರೂ ಕೇಳಿಲ್ಲ. ಆದರೆ ಯಾವ ದಾಖಲೆಯನ್ನಾದರೂ ತೆರೆಯುತ್ತೇವೆ ಎಂದು ನಮ್ಮ ಮುಖಪುಟದಲ್ಲಿ ನೀವೇ ಬರೆಸಿದ್ದೀರಿ. ಒಂದೋ ಇದನ್ನು ಸರಿಮಾಡೋಣ, ಇಲ್ಲ ಆ ವಾಕ್ಯ ತೆಗೆಯೋಣ. ನನಗೆ ಎರಡೂ ಆದೀತು."

ಮಾಲೀಕ ಕಾಫಿ ಲೋಟ ಕೆಳಗಿಟ್ಟು, "ಸರಿಮಾಡಿ," ಎಂದ.

ಹೀಗೆ ನನಗೆ ಆಫೀಸಿನ ಕೆಲಸವೂ ಮನೆಯ ಕೆಲಸವೂ ಒಂದೇ ಆಯಿತು. ನಮ್ಮ ಸರ್ವರ್‌ಗೆ ಕನ್ನಡದ ಫಾಂಟ್ ಹಾಕಿದರೆ ಸಾಲುತ್ತಿರಲಿಲ್ಲ. ಒತ್ತಕ್ಷರ ಎಲ್ಲಿ ಕೂರಬೇಕು, ಯಾವ ಅಕ್ಷರದ ತಲೆಕಟ್ಟು ಯಾವಾಗ ಹೋಗಬೇಕು ಎಂದು ಹೇಳಿಕೊಡುವ ಭಾಗವೇ ಅದರಲ್ಲಿ ಇರಲಿಲ್ಲ. ಅದನ್ನು ಹುಡುಕಿ ತಂದು ಸೇರಿಸಿ, ಒಂದನ್ನು ಸರಿಮಾಡಿದರೆ ಇನ್ನೊಂದು ಕೆಡುತ್ತ, ಸೆಪ್ಟೆಂಬರ್ ಪೂರ್ತಿ ಹೋಯಿತು. ಯುಟ್ರೆಕ್ಟ್‌ನಿಂದ ಆಫೀಸಿನ ಹತ್ತಿರದ ಅಲೆಕ್ಸಾಂಡರ್ ನಿಲ್ದಾಣದವರೆಗಿನ ರೈಲಿನಲ್ಲೂ ಲ್ಯಾಪ್‌ಟಾಪ್ ತೆರೆದುಕೊಂಡು ಕೂತಿರುತ್ತಿದ್ದೆ. ಅಕ್ಷರಗಳನ್ನು ಅಷ್ಟು ಹತ್ತಿರದಿಂದ ನಾನು ನೋಡಿದ್ದು ಒಂದನೇ ಕ್ಲಾಸಿನ ನಂತರ ಅದೇ ಮೊದಲು.

ಆ ದಿನಗಳಲ್ಲೇ ಆಂಟಿ ಒಂದು ದಿನ, "ನನ್ನ ನಾಟಕ ಎಲ್ಲಿಟ್ಟಿದ್ದೀಯಾ, ನಾನು ನೋಡ್ಬೇಕು," ಎಂದರು.

"ಅದು ಕ್ಲೌಡಲ್ಲಿದೆ ಆಂಟಿ. ಅದಕ್ಕೆ ಇಂಥದ್ದೇ ಜಾಗ ಅಂತ ಇಲ್ಲ."

"ಜಾಗ ಇಲ್ದೆ ಯಾವ ವಸ್ತುನೂ ಇರಲ್ಲ ಕಣೇ. ಹೋಗ್ಲಿ, ನೀನು ಕೂತು ನೋಡೋ ಜಾಗನಾದ್ರೂ ತೋರ್ಸು."

ಗೆಳತಿಗೆ ರಾಟರ್‌ಡಾಮ್‌ನಲ್ಲಿ ಏನೋ ಕೆಲಸವಿದ್ದ ದಿನ ಆಂಟಿಯನ್ನು ನಮ್ಮ ಆಫೀಸಿನಲ್ಲಿ ಬಿಟ್ಟುಹೋದಳು. ಆಂಟಿ ರೇಷ್ಮೆ ಸೀರೆ ಉಟ್ಟು, ಮೇಲೆ ಮಗಳ ದಪ್ಪ ಜಾಕೆಟ್ ಹಾಕಿಕೊಂಡು, ಒಂದು ಡಬ್ಬಿ ಕೋಡುಬಳೆ ಹಿಡಿದು ಬಂದಿದ್ದರು. ಆಫೀಸನ್ನೆಲ್ಲ ಒಮ್ಮೆ ನೋಡಿ, "ಇಷ್ಟೇನಾ?" ಎಂದರು. ಕೊಳದಲ್ಲಿ ಈಜುತ್ತಿದ್ದ ಕಪ್ಪು ಹಕ್ಕಿಗಳನ್ನು ಮಾತ್ರ ಮೆಚ್ಚಿದರು.

ಪಕ್ಕದ ಮೇಜಿನವರು ಎದ್ದು ಬಂದು ಕೈಕುಲುಕಿ, ಕುರ್ಚಿ ಎಳೆದುಕೊಟ್ಟು, ನಾಟಕವನ್ನು ತಮ್ಮ ಪರದೆಯಲ್ಲಿ ತೆರೆದರು. ಆಂಟಿಯ ಕೈಯಲ್ಲಿ ಪ್ರಿಂಟ್ ಇತ್ತು. ನನ್ನನ್ನು ಯಾರೋ ಮೀಟಿಂಗಿಗೆ ಕರೆದರು. ವಾಪಸ್ ಬಂದಾಗ ಇಬ್ಬರೂ ಭುಜಕ್ಕೆ ಭುಜ ತಾಗಿಸಿ ಕೂತು, ಮೂರನೇ ಪುಟ ತಲುಪಿದ್ದರು. ಪಕ್ಕದ ಮೇಜಿನವರು ಪರದೆಯಲ್ಲಿ ಒಂದು ಅಕ್ಷರಕ್ಕೆ ಬೆರಳು ತೋರಿಸುವರು, ಆಂಟಿ ಪ್ರಿಂಟ್ ನೋಡಿ ಟೀಚರ್ ದನಿಯಲ್ಲಿ "ಕರೆಕ್ಟ್" ಅಥವಾ "ರಾಂಗ್" ಎನ್ನುವರು. ಒತ್ತಕ್ಷರ ಎಂದರೇನು ಎಂದು ಆಂಟಿ ತಮ್ಮ ಇಂಗ್ಲಿಷಿನಲ್ಲೇ ಹೇಳಿಕೊಟ್ಟಿದ್ದರು. ಮೇಲಿನದು ತಾಯಿ, ಕೆಳಗಿನದು ಮಗು, ಮಗು ತಾಯಿಯ ಕಾಲ ಬುಡದಲ್ಲೇ ಇರಬೇಕು.

ನಾನು ಬಂದದ್ದು ತಿಳಿದು ಪಕ್ಕದ ಮೇಜಿನವರು ತಲೆಯೆತ್ತದೆಯೇ ಹೇಳಿದರು: "ನಾಲ್ಕನೇ ಸಾಲಿನಲ್ಲಿ ಮಗು ತಪ್ಪಿಸಿಕೊಂಡಿದೆ."

ನೋಡಿದರೆ "ಒಪ್ಪಿಗೆ"ಯ ಒತ್ತು ನಿಜವಾಗಿಯೂ ಪಕ್ಕದ ಪದದ ಕೆಳಗೆ ಹೋಗಿ ಕೂತಿತ್ತು. ಅದು ನಾನು ಎರಡು ಸಲ ಓದಿದರೂ ಕಣ್ಣಿಗೆ ಬಿದ್ದಿರಲಿಲ್ಲ, ಕನ್ನಡ ಓದಿ ಅಭ್ಯಾಸವಾದ ಕಣ್ಣು ತಾನೇ ಸರಿಮಾಡಿಕೊಂಡುಬಿಡುತ್ತದೆ.

ಆ ಮಧ್ಯಾಹ್ನ ಅವರು ಕೋಡುಬಳೆ ತಿಂದರು, ಖಾರಕ್ಕೆ ಮೂಗು ಒರೆಸಿಕೊಂಡು ಇನ್ನೊಂದು ತೆಗೆದುಕೊಂಡರು. ಅವರ ಬ್ರೆಡ್ಡಿನ ಮೇಲೆ ಹಾಕಿದ ಚಾಕೊಲೇಟ್ ಚೂರುಗಳನ್ನು ನೋಡಿ ಆಂಟಿ, "ಇವರು ಇದನ್ನೇ ಊಟ ಅಂತಾರಾ?" ಎಂದು ನನ್ನನ್ನು ಕನ್ನಡದಲ್ಲಿ ಕೇಳಿದರು. ಅನುವಾದ ಮಾಡಬೇಡ ಎಂದೂ ಹೇಳಿದರು.

ಅಕ್ಟೋಬರಿನಲ್ಲಿ ನಾಟಕ ನೆಟ್ಟಗೆ ನಿಂತಿತು. ಎಲ್ಲರೂ ಒಂದೇ ಕೊಂಡಿ ಒತ್ತಿ ಒಂದೇ ನಾಟಕ ಓದುವಂತಾಯಿತು. ಯೂನಿಕೋಡಿನಲ್ಲಿ ಟೈಪ್ ಮಾಡುವುದನ್ನು ಆಂಟಿಯೂ ಕಲಿತುಕೊಂಡರು. ಹೂಫ್‌ಡಾರ್ಪ್‌ನಲ್ಲಿ ಕೂತು ಅವರು ಮಾತು ತಿದ್ದಿದರೆ, ಮುಂದಿನ ಸಲ ತೆರೆದಾಗ ಎಲ್ಲರಿಗೂ ತಿದ್ದಿದ್ದೇ ಕಾಣುತ್ತಿತ್ತು. ರಿಹರ್ಸಲ್‌ಗೆ ಬರುವವರು ರೈಲಿನಲ್ಲಿ ಫೋನ್ ಹಿಡಿದು ತಮ್ಮ ತಮ್ಮ ಮಾತು ಗುನುಗುತ್ತ ಬರುತ್ತಿದ್ದರು. ಕೆಲವೊಮ್ಮೆ ನಾವು ನಾಲ್ಕೈದು ಜನ ಒಂದೇ ಬೋಗಿಯಲ್ಲಿ ಸಿಕ್ಕಿ, ಅಲ್ಲೇ ಒಂದು ದೃಶ್ಯ ಮುಗಿಸಿದ್ದೂ ಉಂಟು. ಎದುರು ಕೂತವರು ಜಗಳ ಎಂದುಕೊಂಡು ಬೇರೆ ಕಡೆ ಹೋಗಿ ಕೂತಿದ್ದರು.

ಆದರೆ ಹಾಲ್ ಸಿಕ್ಕಿದ್ದು ನವೆಂಬರ್ ಕೊನೆಗೆ. ಆಂಟಿಯ ವೀಸಾ ಅದಕ್ಕೆ ಮೊದಲೇ ಮುಗಿಯುತ್ತಿತ್ತು. ಬೇರೆ ಹಾಲ್ ಹುಡುಕಿದೆವು, ಇರುವ ಹಾಲಿನವರನ್ನು ಬೇಡಿಕೊಂಡೆವು. ಆಂಟಿ ಇರುವ ದಿನಗಳಲ್ಲಿ ಅಲ್ಲಿ ಇಸ್ಪೀಟಿನ ಪಂದ್ಯ, ಡಚ್ಚರ ಸಿಂಟರ್‌ಕ್ಲಾಸ್ ಹಬ್ಬದ ತಯಾರಿ ಎಂದು ಒಂದಾದ ಮೇಲೊಂದು ಮೊದಲೇ ನಿಗದಿಯಾಗಿತ್ತು. ಸುದ್ದಿ ಹೇಳಲು ಗೆಳತಿಯ ಮನೆಗೆ ಹೋದೆವು. ಆಂಟಿ ಕೇಳಿ, "ಪರವಾಗಿಲ್ಲ ಬಿಡ್ರೋ. ನಾನೇನು ಪಾತ್ರ ಮಾಡ್ತಿದ್ನಾ?" ಎಂದು ಒಳಗೆ ಕಾಫಿ ಮಾಡಲು ಹೋದರು. ಕಾಫಿ ಬರಲು ಬಹಳ ಹೊತ್ತಾಯಿತು. ಗೆಳತಿ ಎದ್ದು ಹೋಗಲು ನೋಡಿದಳು, ಅವಳ ಗಂಡ ಬೇಡವೆಂದು ಕೈ ಹಿಡಿದು ಕೂರಿಸಿದ.

ಸ್ಖಿಪೋಲ್ ವಿಮಾನ ನಿಲ್ದಾಣದಲ್ಲಿ ಅವರನ್ನು ಬೀಳ್ಕೊಡುವಾಗ ನನ್ನನ್ನು ಪಕ್ಕಕ್ಕೆ ಕರೆದು ಕೇಳಿದರು: "ಮೈಸೂರಿಂದ ತೆಗೆದ್ರೂ ಬರತ್ತಾ ಅದು?"

"ಬರತ್ತೆ ಆಂಟಿ. ಎಲ್ಲಿಂದ ತೆಗೆದ್ರೂ ಅದೇ ನಾಟಕ."

ಬಂತು. ಆಗಷ್ಟೇ ನಾವು ವ್ಯೂವರ್‌ಗೆ ಹೊಸದೊಂದು ಸೌಲಭ್ಯ ಸೇರಿಸಿದ್ದೆವು. ಒಂದೇ ಕಡತವನ್ನು ಹಲವರು ತೆರೆದಿದ್ದರೆ, ಎಡಗಡೆ ಸಾಲಾಗಿ ಕಾಣುವ ಚಿಕ್ಕ ಪುಟಗಳ ಪಕ್ಕ ಒಬ್ಬೊಬ್ಬರದು ಒಂದೊಂದು ಬಣ್ಣದ ಬೊಟ್ಟು ಮೂಡುತ್ತಿತ್ತು. ಯಾರು ಯಾವ ಪುಟದಲ್ಲಿದ್ದಾರೆ ಎಂದು ಅದರಿಂದ ತಿಳಿಯುತ್ತಿತ್ತು. ಆಂಟಿಯ ಬೊಟ್ಟು ಕಿತ್ತಳೆ ಬಣ್ಣದ್ದು. ಭಾನುವಾರ ನಾವು ರಿಹರ್ಸಲ್ ಶುರುಮಾಡಿದ ಸ್ವಲ್ಪ ಹೊತ್ತಿಗೆ ಮೊದಲ ಪುಟದ ಪಕ್ಕ ಅದು ಬಂದು ನಿಲ್ಲುತ್ತಿತ್ತು. "ಟೀಚರ್ ಬಂದ್ರು," ಎಂದು ಯಾರಾದರೂ ಹೇಳುತ್ತಿದ್ದರು. ಹುಡುಗರು ನಿಜಕ್ಕೂ ನೆಟ್ಟಗೆ ನಿಂತುಕೊಳ್ಳುತ್ತಿದ್ದರು.

ನಾಟಕದ ದಿನ ಬೆಳಿಗ್ಗೆಯಿಂದ ಜಿಟಿಜಿಟಿ ಮಳೆ. ಸಮುದಾಯ ಭವನದ ಮುಂದೆ ಸೈಕಲ್‌ಗಳೂ ತಳ್ಳುಗಾಡಿಗಳೂ ತುಂಬಿದ್ದವು. ಆಫೀಸಿನ ಪಕ್ಕದ ಮೇಜಿನವರನ್ನು ಕರೆದಿದ್ದೆ, ಬರುತ್ತಾರೆ ಎಂದುಕೊಂಡಿರಲಿಲ್ಲ. ಎಲ್ಲರಿಗಿಂತ ಮೊದಲು ಬಂದು ಮುಂದಿನ ಸಾಲಿನಲ್ಲಿ ಕೂತಿದ್ದರು. ಕಥೆಯನ್ನು ಮೊದಲೇ ನನ್ನಿಂದ ಹೇಳಿಸಿಕೊಂಡಿದ್ದರು. ಶುರುವಾಗುವ ಮುಂಚೆ ಪರದೆಯ ಹಿಂದೆ ಬಂದು ಒಂದೇ ಮಾತು ಕೇಳಿದರು: "ಅನುಮತಿ ಹೊಸದಾಗಿ ತೆಗೆದುಕೊಂಡಿದ್ದೀರಾ? ಒಂದು ಗಂಟೆಯಷ್ಟೇ ಇರುತ್ತದೆ, ನೆನಪಿದೆಯಲ್ಲ." ಕ್ಲೌಡ್ ನಮಗೆ ಕೊಡುತ್ತಿದ್ದ ಅನುಮತಿಯ ಆಯುಸ್ಸು ಅಷ್ಟೇ. ನಾನು ಗಡಿಬಿಡಿಯಲ್ಲಿ ಮರೆತಿದ್ದೆ. ಅವರ ಎದುರಿಗೇ ಪುಟವನ್ನು ಮತ್ತೆ ತೆರೆದೆ.

ಮಡಿಚುವ ಕುರ್ಚಿಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ನೆಲದ ಮೇಲೆ ಕೂತೆ. ಮೊದಲ ಪುಟದ ಪಕ್ಕ ಕಿತ್ತಳೆ ಬೊಟ್ಟು ಆಗಲೇ ಇತ್ತು. ಮೈಸೂರಿನಲ್ಲಿ ಆಗ ರಾತ್ರಿ ಊಟದ ಹೊತ್ತು. ಆಂಟಿಗೆ ನಮ್ಮ ವೇದಿಕೆ ಕಾಣುತ್ತಿರಲಿಲ್ಲ, ಮಾತು ಕೇಳುತ್ತಿರಲಿಲ್ಲ. ವಿಡಿಯೋ ಕರೆ ಮಾಡಲು ಗೆಳತಿ ಪ್ರಯತ್ನಿಸಿದ್ದಳು, ಆ ಭವನದ ವೈಫೈಗೆ ಅಷ್ಟು ತ್ರಾಣವಿರಲಿಲ್ಲ. ಅವರಿಗೆ ಕಾಣುತ್ತಿದ್ದದ್ದು ತಮ್ಮದೇ ನಾಟಕದ ಪುಟಗಳು, ಪಕ್ಕದಲ್ಲಿ ನನ್ನ ನೀಲಿ ಬೊಟ್ಟು.

ನಾಟಕ ಶುರುವಾಯಿತು. ನಾನು ಪುಟ ತಿರುಗಿಸಿದೆ. ಸ್ವಲ್ಪ ಹೊತ್ತಿಗೆ ಕಿತ್ತಳೆ ಬೊಟ್ಟೂ ಎರಡನೇ ಪುಟಕ್ಕೆ ಬಂತು. ಮೂರಕ್ಕೆ ಹೋದೆ, ಅದೂ ಬಂತು. ಆಗ ನನಗೆ ಅರ್ಥವಾಯಿತು, ಅವರು ನಾಟಕ ನೋಡುತ್ತಿದ್ದಾರೆ.

ಏಳನೇ ಪುಟದಲ್ಲಿ ಹುಡುಗನ ತಾಯಿಯೂ ಯಜಮಾನನೂ ಎದುರುಬದುರಾಗುತ್ತಾರೆ. ನನ್ನ ಗಂಡ ಪಂಚೆ ಸರಿಮಾಡಿಕೊಂಡು ಹೇಳಿದರು: "ನೋಡಿ ಅಮ್ಮ, ಹಳತು ಅಂತ ಬೇಜಾರು ಮಾಡುವುದು ಬೇಡ. ಗಟ್ಟಿ ಉಂಟು. ಮಳೆಗಾಲದಲ್ಲಿ ಮಾತ್ರ ಸ್ವಲ್ಪ ಸೋರ್ತದೆ."

"ಸೋರತ್ತಾ?"

"ಸ್ವಲ್ಪ. ಹಿಂದೆ ಇದ್ದವರು ಒಂದು ದಿನವೂ ದೂರು ಹೇಳ್ಲಿಲ್ಲ."

"ಹಿಂದೆ ಇದ್ದವರಾ?"

ಹುಡುಗನ ತಾಯಿಯಾಗಿದ್ದವಳ ಮುಖ ಹೇಗಿತ್ತೋ ನನಗೆ ಕಾಣಲಿಲ್ಲ. ಹಾಲ್ ಪೂರ್ತಿ ನಗು ಎದ್ದಿತು. ನನ್ನ ಗಂಡ ಮುಂದಿನ ಮಾತಿಗೆ ಬಾಯಿ ತೆರೆದರು, ನಗು ಇನ್ನೂ ಜೋರಾಯಿತು, ಬಾಯಿ ಮುಚ್ಚಿದರು. ಅದನ್ನು ಕಂಡು ಮತ್ತೊಮ್ಮೆ ನಕ್ಕರು. ಡಚ್ಚಿನಲ್ಲೇ ಮಾತಾಡುವ ಮಕ್ಕಳು ಅಪ್ಪ ಅಮ್ಮ ನಗುವುದನ್ನು ನೋಡಿ ನಗುತ್ತಿದ್ದರು. ಪುಟದ ಕೊನೆಯ ಮಾತು ಇನ್ನೂ ಆಗಿರಲಿಲ್ಲ. ನಾನು ಗುಂಡಿಯ ಮೇಲೆ ಬೆರಳಿಟ್ಟು ಕಾಯುತ್ತಿದ್ದೆ. ಪರದೆಯಲ್ಲಿ ನೀಲಿ ಬೊಟ್ಟು, ಕಿತ್ತಳೆ ಬೊಟ್ಟು ಎರಡೂ ಏಳನೇ ಪುಟದಲ್ಲಿ ನಿಂತಿದ್ದವು.

ನಾಟಕ ಮುಗಿದು, ಜನ ಬಿಸಿಬೇಳೆಬಾತಿನ ಸಾಲಿನಲ್ಲಿ ನಿಂತಾಗ ಗೆಳತಿ ಫೋನ್ ಮಾಡಿ ನನ್ನ ಕೈಗೆ ಕೊಟ್ಟಳು.

ಆಂಟಿಯ ದನಿ ಗಟ್ಟಿಯಾಗಿತ್ತು. "ಏಳನೇ ಪುಟದಲ್ಲಿ ಅಷ್ಟು ಹೊತ್ತು ಯಾಕೆ ನಿಂತ್ಬಿಟ್ರಿ? ಯಾರಾದ್ರೂ ಮಾತು ಮರೆತ್ರಾ? ನೀನು ಎತ್ತಿಕೊಡಲಿಲ್ವಾ?"

"ಯಾರೂ ಮರೀಲಿಲ್ಲ ಆಂಟಿ. ಜನ ನಗ್ತಾ ಇದ್ರು. ನಗು ನಿಲ್ಲೋ ತನಕ ಮುಂದಿನ ಮಾತು ಹೇಳಕ್ಕೇ ಆಗ್ಲಿಲ್ಲ."

ಆ ಕಡೆ ಅವರ ಮನೆಯ ಟಿವಿಯ ಸದ್ದು ಕೇಳುತ್ತಿತ್ತು.

"ಅಷ್ಟು ಹೊತ್ತಾ?" ಎಂದರು ಆಂಟಿ.

"ಹೂಂ ಆಂಟಿ. ಅಷ್ಟು ಹೊತ್ತೂ."

"ನಾನು ಇಲ್ಲಿ ಏನೋ ಕೆಟ್ಟೋಯ್ತು ಅಂತ ಕೈಕೈ ಹಿಸುಕ್ಕೊಂಡು ಕೂತಿದ್ದೆ ಕಣೇ," ಎಂದರು. ಆಮೇಲೆ ಮೂಗೆಳೆದುಕೊಂಡ ಸದ್ದು ಬಂತು. "ಸರಿ, ಎಲ್ಲರಿಗೂ ಊಟ ಬಡ್ಸಿ. ಫೋನ್ ಇಡ್ತೀನಿ."

ಮುಂದಿನ ವರ್ಷ ಅವರು ಇನ್ನೊಂದು ನಾಟಕ ಬರೆದು ಕಳಿಸಿದರು. ಅಷ್ಟರಲ್ಲಿ ಹುಡುಗನ ತಾಯಿಯಾಗಿದ್ದವಳ ಮನೆಯವರು ಸಿಂಗಪುರಕ್ಕೆ ಹೋಗಿದ್ದರು, ಇನ್ನಿಬ್ಬರ ಪ್ರಾಜೆಕ್ಟ್ ಮುಗಿದು ಬೆಂಗಳೂರಿಗೆ ಮರಳಿದ್ದರು. ಉಳಿದವರು ಎರಡು ಭಾನುವಾರ ಸೇರಿ ಓದಿದೆವು. ಪಾತ್ರಗಳು ಹೆಚ್ಚು, ಜನ ಕಡಿಮೆ. ಅದು ಅಷ್ಟಕ್ಕೇ ನಿಂತಿತು. ದೀಪಾವಳಿಗೆ ಮತ್ತೆ ಸಿನಿಮಾ ಹಾಡುಗಳು ಬಂದವು. ಅವೂ ಚೆನ್ನಾಗಿಯೇ ಇದ್ದವು.

ನಮ್ಮ ಚಿಕ್ಕ ಕಂಪನಿಯನ್ನು ಕೆಲವು ವರ್ಷಗಳ ನಂತರ ದೊಡ್ಡದೊಂದು ಕೊಂಡುಕೊಂಡಿತು. ಅಷ್ಟರಲ್ಲಿ ಕ್ಲೌಡಿನವರೇ ತಮ್ಮ ತಮ್ಮ ವ್ಯೂವರ್ ಮಾಡಿಕೊಂಡಿದ್ದರು. ನಮ್ಮದನ್ನು ಯಾರೂ ಕೇಳುವವರಿರಲಿಲ್ಲ. ಅದನ್ನು ನಿಲ್ಲಿಸುವ ದಿನ ಬಂದಾಗ ಗ್ರಾಹಕರು ತಮ್ಮ ಕಡತಗಳಿಗೆ ಏನಾಗುತ್ತದೆ ಎಂದು ಗಾಬರಿಯಿಂದ ಫೋನ್ ಮಾಡುತ್ತಿದ್ದರು. ಏನೂ ಆಗುವುದಿಲ್ಲ, ಅವು ನಮ್ಮ ಹತ್ತಿರ ಯಾವತ್ತೂ ಇರಲೇ ಇಲ್ಲ ಎಂದು ಒಬ್ಬೊಬ್ಬರಿಗೂ ಸಮಾಧಾನ ಹೇಳಿದೆವು. ಅಷ್ಟು ವರ್ಷ ಬೆಳಿಗ್ಗೆ ಆರು ಗಂಟೆಗೆ ಎದ್ದು ರೈಲು ಹತ್ತಿ ಮಾಡಿದ ಕೆಲಸ ಒಂದು ಗುರುವಾರ ಮಧ್ಯಾಹ್ನ ಯಾವ ಸದ್ದೂ ಇಲ್ಲದೆ ನಿಂತುಹೋಯಿತು. ಮಾಲೀಕ ಕೇಕ್ ತರಿಸಿದ್ದ. ಪಕ್ಕದ ಮೇಜಿನವರು ತಮ್ಮ ತುಂಡನ್ನು ತಿಂದು, ತಟ್ಟೆ ತೊಳೆದಿಟ್ಟು, ಡಚ್ಚರ ಪದ್ಧತಿಯಂತೆ ನನ್ನ ಕೆನ್ನೆಗೆ ಮೂರು ಸಲ ಕೆನ್ನೆ ತಾಗಿಸಿ ಮನೆಗೆ ಹೋದರು. ಅವರು ಅಲ್ಲಿಗೆ ನಿವೃತ್ತರಾದರು. ನಾನು ಹೂಫ್‌ಡಾರ್ಪ್‌ನಲ್ಲಿ ವಿಮಾನದ ಸಿಬ್ಬಂದಿಯ ಪಾಳಿ ಹೊಂದಿಸುವ ತಂತ್ರಾಂಶದ ಕೆಲಸಕ್ಕೆ ಸೇರಿದೆ. ಸಂಬಳದ ಕೆಲಸ, ಬಸ್ಸಿನ ಪ್ರಯಾಣ, ಕಿಟಕಿಯಿಂದ ವಿಮಾನಗಳ ಹೊಟ್ಟೆ ಕಾಣುತ್ತದೆ. ಅದರ ಮೇಲೆ ದೂರಿಲ್ಲ. ಆದರೆ ಸಹೋದ್ಯೋಗಿಯ ಪಕ್ಕ ಕೂತು ಒಂದು ಒತ್ತಕ್ಷರಕ್ಕಾಗಿ ಬೆಳಗಿಡೀ ತಲೆಕೆಡಿಸಿಕೊಂಡಂಥ ದಿನ ಮತ್ತೆ ಬಂದಿಲ್ಲ.

2018ರ ಜೂನಿನಲ್ಲಿ ಆಂಟಿ ಇನ್ನೊಮ್ಮೆ ಬಂದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು, ಮೆಟ್ಟಿಲು ಹತ್ತುವಾಗ ಗೋಡೆ ಹಿಡಿಯುತ್ತಿದ್ದರು. "ಆವತ್ತು ಕೋಡುಬಳೆ ತಿಂದರಲ್ಲ, ಆಕೆ ಹೇಗಿದ್ದಾರೆ?" ಎಂದು ಬಂದ ಎರಡನೇ ದಿನವೇ ಕೇಳಿದರು. ಫೋನ್ ಮಾಡಿದೆ. ಕರೆದುಕೊಂಡು ಬನ್ನಿ ಎಂದರು. ಡಚ್ಚರು ಹಾಗೆ ಸುಲಭವಾಗಿ ಕರೆಯುವುದಿಲ್ಲ, ಕರೆದರೂ ತಿಂಗಳ ಮುಂಚೆ ದಿನ ಗೊತ್ತುಮಾಡುತ್ತಾರೆ. ಅವರು ಅದೇ ಶನಿವಾರ ಎಂದರು.

ಖೌಡಾ ಊರಿನ ಹೊರಗೆ ಕಾಲುವೆಯ ಪಕ್ಕ ಅವರದು ಚಿಕ್ಕ ಮನೆ. ಹಿತ್ತಲಲ್ಲಿ ಮೇಜು ಹಾಕಿ, ಗಟ್ಟಿ ರಸ್ಕಿನ ಮೇಲೆ ಬೆಣ್ಣೆ ಸವರಿ, ಸ್ಟ್ರಾಬೆರಿ ಹೆಚ್ಚಿಟ್ಟು, ಮೇಲೆ ಸಕ್ಕರೆ ಉದುರಿಸಿ ಕೊಟ್ಟರು. ಆಂಟಿ ಒಂದು ತಿಂದು, ಇನ್ನೊಂದಕ್ಕೆ ತಾವೇ ಕೈ ಚಾಚಿದರು. ಇಬ್ಬರೂ ನಾಟಕದ ಬಗ್ಗೆ ಒಂದೆರಡು ಮಾತಾಡಿರಬಹುದು. ಉಳಿದ ಮಧ್ಯಾಹ್ನವೆಲ್ಲ ಅವರು ಮಾತಾಡಿದ್ದು ಮೊಣಕಾಲಿನ ಬಗ್ಗೆ. ಒಬ್ಬರಿಗೆ ಬಲಗಾಲು, ಒಬ್ಬರಿಗೆ ಎಡಗಾಲು. ಆಪರೇಷನ್ ಮಾಡಿಸಬೇಕೋ ಬೇಡವೋ, ಎಣ್ಣೆ ಒಳ್ಳೆಯದೋ ಈಜು ಒಳ್ಳೆಯದೋ. ಒಬ್ಬರು ಇನ್ನೊಬ್ಬರಿಗೆ ಕಾಲು ಮಡಿಚಿ ಬಿಡಿಸಿ ತೋರಿಸಿದರು. ಅನುವಾದಕ್ಕೆ ನನ್ನ ಅಗತ್ಯ ಬೀಳಲಿಲ್ಲ. ನಾನು ಪಾತ್ರೆಗಳನ್ನು ಒಳಗಿಟ್ಟು, ಬೆಕ್ಕನ್ನು ಮಡಿಲಲ್ಲಿ ಹಾಕಿಕೊಂಡು ಕೂತೆ.

ಹೊರಡುವಾಗ ಆಂಟಿ ತಮ್ಮ ಚೀಲದಿಂದ ನೋವಿನ ಎಣ್ಣೆಯ ಸಣ್ಣ ಬಾಟಲಿ ತೆಗೆದು ಅವರ ಕೈಗಿತ್ತು, ಹೇಗೆ ಹಚ್ಚಬೇಕೆಂದು ಎರಡು ಸಲ ಹೇಳಿದರು. ಅವರು ಮುಚ್ಚಳ ತೆರೆದು ಮೂಸಿ, ಮುಖ ಸ್ವಲ್ಪ ಹಿಂದಕ್ಕೆಳೆದುಕೊಂಡು, "ಇದು ಕೆಲಸ ಮಾಡುತ್ತದೆಯಾ?" ಎಂದು ನೇರವಾಗಿ ಕೇಳಿದರು.

"ನನಗೇನೂ ಮಾಡಿಲ್ಲ," ಎಂದರು ಆಂಟಿ ಇಂಗ್ಲಿಷಿನಲ್ಲಿ. "ಆದ್ರೆ ಹಚ್ಚಿಕೊಳ್ಳೋವಾಗ ಚೆನ್ನಾಗಿರತ್ತೆ."

ಅವರು ಜೋರಾಗಿ ನಕ್ಕರು. ಅಷ್ಟು ವರ್ಷ ಪಕ್ಕದಲ್ಲಿ ಕೂತಿದ್ದ ನಾನು ಅವರು ಹಾಗೆ ನಕ್ಕಿದ್ದನ್ನು ಕಂಡಿರಲಿಲ್ಲ. ಗೇಟಿನವರೆಗೂ ಬಂದು, ನಾವು ಕಾಲುವೆಯ ಸೇತುವೆ ದಾಟುವ ತನಕ ಅಲ್ಲೇ ನಿಂತಿದ್ದರು. ಬಸ್ಸು ಬರಲು ಇನ್ನೂ ಹೊತ್ತಿತ್ತು. ಆಂಟಿ ನಿಲ್ದಾಣದ ಬೆಂಚಿನ ಮೇಲೆ ಕಾಲು ಚಾಚಿ ಕೂತು, ಎದುರಿನ ಹೊಲದಲ್ಲಿ ಮಲಗಿದ್ದ ಕಪ್ಪುಬಿಳಿ ಹಸುಗಳನ್ನು ನೋಡುತ್ತ, ಸ್ಟ್ರಾಬೆರಿ ಇಲ್ಲಿ ಕಿಲೋಗೆ ಸಿಗುತ್ತದೋ ಡಬ್ಬಿಗೆ ಸಿಗುತ್ತದೋ ಎಂದು ಕೇಳಿದರು.